ಕಡಲಿನ ಪಾಕ ನೋಡುತ್ತಿದ್ದವರು

ಸಕ್ಕರೆ ಪಾಕ ಬಂತೇ ಎಂದು ನೋಡಲು ಅಡುಗೆಯವರು ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ತೊಟ್ಟು ಹಿಡಿದು ಎಳೆ ಬಿಡಿಸಿ ನೋಡುತ್ತಾರಲ್ಲ, ನಮ್ಮ ಲ್ಯಾಬಿನ ಅಕ್ಕ ಸಮುದ್ರವನ್ನು ಹಾಗೆ ನೋಡುತ್ತಿದ್ದರು. ಬೆಳಿಗ್ಗೆ ಏಳಕ್ಕೆ ಕಂಪನಿಯ ವ್ಯಾನಿನಿಂದ ಇಳಿದವರು ಲ್ಯಾಬಿಗೆ ಬರುವ ಮೊದಲು, ಕಡಲ ನೀರು ಒಳಗೆ ಬರುವ ಕಾಲುವೆಯ ಕಟ್ಟೆಗೆ ಹೋಗಿ, ಬಕೆಟ್ ಇಳಿಸಿ, ಎರಡು ಬೆರಳು ಅದ್ದಿ ಉಜ್ಜುವರು. ಕೆಲವು ದಿನ ಏನೂ ಹೇಳುತ್ತಿರಲಿಲ್ಲ. ಕೆಲವು ದಿನ "ಪಾಕ ಬರ್ತಾ ಉಂಟು" ಎನ್ನುವರು. ಆ ದಿನ ನಮಗೆ ಕೆಲಸ ಜಾಸ್ತಿ.

ಹೋದ ವಾರ ಮಸ್ಕತ್ತಿನ ದಾರ್ಸೈಟ್‌ನ ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಅವರು ಊರಲ್ಲಿ ತೀರಿಕೊಂಡ ಸುದ್ದಿ ಬಂತು. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಅದರ ಕೆಳಗೇ ಯಾರೋ ಸೋಫಾ ಮಾರಾಟಕ್ಕಿದೆ ಎಂದು ಹಾಕಿದರು. ನನಗೆ ಕೋಪ ಬಂತು. ಸೋಫಾದವರ ಮೇಲಲ್ಲ, ನನ್ನ ಮೇಲೆಯೇ. ನಾನೂ ಎಲ್ಲರಂತೆ ಒಂದು ಕೈಮುಗಿದ ಚಿತ್ರ ಒತ್ತಿ ಫೋನು ಕೆಳಗಿಟ್ಟಿದ್ದೆ. ಅವರ ವಿಷಯದಲ್ಲಿ ನಾನು ಮಾಡಬೇಕಾಗಿದ್ದು ಅದಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ನಾವು ಕೆಲಸ ಮಾಡುತ್ತಿದ್ದದ್ದು ಒಮಾನಿನ ಬಾತಿನಾ ಕರಾವಳಿಯ ಒಂದು ಸಣ್ಣ ಸ್ಥಾವರದಲ್ಲಿ. ಕಡಲ ನೀರನ್ನು ತೆಳುವಾದ ಪೊರೆಗಳ ಮೂಲಕ ಒತ್ತಿ, ಉಪ್ಪು ಬಿಡಿಸಿ, ಸುತ್ತಲಿನ ಊರುಗಳಿಗೆ ಕುಡಿಯುವ ನೀರು ಕೊಡುವುದು ಅದರ ಕೆಲಸ. ಲ್ಯಾಬಿನಲ್ಲಿ ಇದ್ದದ್ದು ಇಬ್ಬರೇ. ಮುಖ್ಯಸ್ಥೆ ಅಕ್ಕ, ಕೆಳಗೆ ನಾನು. ಅವರು ಮೂಲ್ಕಿ ಕಡೆಯ ತುಳು ಮನೆಯವರು, ಐವತ್ತು ದಾಟಿದ್ದರು. ನಾನು ಮೈಸೂರಿನವನು, ಮೂವತ್ತರ ಆಚೀಚೆ. ಇಬ್ಬರ ಮನೆಯೂ ದಾರ್ಸೈಟ್‌ನಲ್ಲೇ ಇದ್ದುದರಿಂದ ದಿನಾ ಒಂದೇ ವ್ಯಾನು. ದಾರಿಯಲ್ಲಿ ನಾನು ನಿದ್ದೆ ಮಾಡುತ್ತಿದ್ದೆ. ಅವರು ಕಿಟಕಿಯಿಂದ ಸಮುದ್ರ ಕಂಡ ಕಡೆಯಲ್ಲೆಲ್ಲ ಅದರ ಬಣ್ಣ ನೋಡುತ್ತಿದ್ದರು.

ಸ್ಥಾವರದ ಒಮಾನಿ ಮ್ಯಾನೇಜರ್ ನಮ್ಮೊಂದಿಗೆ ಹಿಂದಿ, ಇಂಗ್ಲಿಷು ಕಲಸಿ ಮಾತಾಡುತ್ತಿದ್ದ. ಅಕ್ಕನನ್ನು 'ದಕ್ತೂರಾ' ಎಂದು ಕರೆಯುತ್ತಿದ್ದ. ಓದಿದ ಹೆಂಗಸು ಎಂಬ ಗೌರವಕ್ಕೆ ಡಾಕ್ಟರ್ ಪಟ್ಟ. ಅಕ್ಕ ಪ್ರತಿ ಸಲ, ಉತ್ಪ್ರೇಕ್ಷೆಯಲ್ಲ, ಪ್ರತಿ ಸಲವೂ, "ನೋ ದಕ್ತೂರಾ, ಓನ್ಲಿ ಎಮ್ಮೆಸ್ಸಿ" ಎಂದು ತಿದ್ದುವರು. ಆತ ನಕ್ಕು ಮರುದಿನ ಮತ್ತೆ ಹಾಗೇ ಕರೆಯುವನು. ವರ್ಷಗಟ್ಟಲೆ ನಡೆದ ಈ ಆಟದಲ್ಲಿ ಇಬ್ಬರೂ ಸೋಲಲಿಲ್ಲ. ನನ್ನನ್ನೂ ಆತ 'ದಕ್ತೂರ್' ಎನ್ನುತ್ತಿದ್ದ. ನಾನು ತಿದ್ದುತ್ತಿರಲಿಲ್ಲ. ಕೇಳುವುದಕ್ಕೆ ಹಿತವಾಗಿಯೇ ಇತ್ತು.

ಲ್ಯಾಬಿನ ಬಾಗಿಲಿನೊಳಗೆ ಒಂದು ಕಾಳು ಸಕ್ಕರೆಯೂ ಬರುವಂತಿರಲಿಲ್ಲ. ನಾವು ಅಳೆಯುತ್ತಿದ್ದದ್ದೇ ನೀರಿನಲ್ಲಿ ಕರಗಿದ ಸಕ್ಕರೆಯ ಜಾತಿಯ ವಸ್ತುವನ್ನು. ಸೋಸಿದ ನೀರಿಗೆ ಫೀನಾಲ್ ಹಾಕಿ ಅದರ ಮೇಲೆ ಗಂಧಕಾಮ್ಲ ಸುರಿದರೆ, ಸಕ್ಕರೆ ಇದ್ದಷ್ಟು ಹಳದಿ ಏರುತ್ತದೆ, ಜಾಸ್ತಿ ಇದ್ದರೆ ಕಿತ್ತಳೆಗೆ ತಿರುಗುತ್ತದೆ. ಪರೀಕ್ಷೆ ಎಷ್ಟು ಸೂಕ್ಷ್ಮವೆಂದರೆ ಬೆಲ್ಲ ತಿಂದ ಬೆರಳು ಕೊಳವೆಯ ಬಾಯಿಗೆ ತಾಗಿದರೂ ಲೆಕ್ಕ ಕೆಟ್ಟಂತೆ. ಕೃಷ್ಣಾಷ್ಟಮಿಯ ಮರುದಿನ ಅಕ್ಕ ದೇವಸ್ಥಾನದ ಪಂಚಕಜ್ಜಾಯ ತಂದರೆ ಎಲ್ಲರೂ ಗೇಟಿನ ಹತ್ತಿರ ನಿಂತು ತಿಂದು, ಮೊಣಕೈವರೆಗೆ ತೊಳೆದು ಬರಬೇಕು. ಒಂದು ಈದ್‌ಗೆ ಮ್ಯಾನೇಜರ್ ದೊಡ್ಡ ತಟ್ಟೆ ತುಂಬ ಒಮಾನಿ ಹಲ್ವಾ ಹಿಡಿದು ಪ್ರೀತಿಯಿಂದ ಲ್ಯಾಬಿಗೇ ಬಂದ. ಅಕ್ಕ ಬಾಗಿಲಲ್ಲಿ ಎರಡೂ ಕೈ ಅಡ್ಡ ಹಿಡಿದು ನಿಂತರು.

"ಹಲ್ವಾ ಹೊರಗೆ" ಎಂದರು, ಕನ್ನಡದಲ್ಲೇ. ಆಮೇಲೆ ತಾವೂ ಹೊರಗೆ ಹೋದರು. ಮೇ ತಿಂಗಳ ಬಿಸಿಲಲ್ಲಿ ಪಂಪ್‌ಹೌಸಿನ ಗೋಡೆಯ ನೆರಳಿಗೆ ಅಂಟಿಕೊಂಡು, ಸ್ಥಾವರದ ಮ್ಯಾನೇಜರೂ ಲ್ಯಾಬಿನ ಮುಖ್ಯಸ್ಥೆಯೂ ಬೆವರು ಸುರಿಸುತ್ತ ತುಪ್ಪ ಜಿನುಗುವ ಹಲ್ವಾ ತಿಂದರು. ಅಂದಿನಿಂದ 'ಹಲ್ವಾ ಹೊರಗೆ' ಎಂಬುದು ಮ್ಯಾನೇಜರಿಗೆ ಬರುತ್ತಿದ್ದ ಏಕೈಕ ಕನ್ನಡ ವಾಕ್ಯ. ಬೇಡದ ಯಾವುದಕ್ಕೂ ಅದನ್ನೇ ಹೇಳುತ್ತಿದ್ದ.

ಇನ್ನೊಂದು ಕಟ್ಟಳೆ ರಿಜಿಸ್ಟರಿನದು. ಬಿಳಿ ಬಣ್ಣ ಬಳಿದು ತಿದ್ದುವ ಹಾಗಿಲ್ಲ, ಹಾಳೆ ಹರಿಯುವ ಹಾಗಿಲ್ಲ. ತಪ್ಪಾದ ಅಂಕಿಯ ಮೇಲೆ ಒಂದೇ ಗೆರೆ. ಅಡಿಯಲ್ಲಿರುವ ಅಂಕಿ ಓದುವಂತಿರಬೇಕು. ಪಕ್ಕದಲ್ಲಿ ಸರಿಯಾದದ್ದು, ಮಾಡಿದವರ ಸಹಿ, ತಿದ್ದಿದ ದಿನದ ತಾರೀಖು. ತಪ್ಪು ಮಾಡಿದ ದಿನದ್ದಲ್ಲ. "ತಪ್ಪೂ ಕಾಣ್ಬೇಕು, ತಿದ್ದಿದ್ದೂ ಕಾಣ್ಬೇಕು. ಇಲ್ಲದಿದ್ರೆ ಅದು ಕಾದಂಬರಿ ಆಗ್ತದೆ ಮಾರಾಯ, ರಿಜಿಸ್ಟರ್ ಅಲ್ಲ" ಎನ್ನುತ್ತಿದ್ದರು.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು. ಯಾವ ಮಾದರಿಯನ್ನೂ ಮುಟ್ಟುವ ಮೊದಲು ಬರೀ ಬಟ್ಟಿ ಇಳಿಸಿದ ನೀರನ್ನು ಅದೇ ಸೋಸುಬಿಲ್ಲೆಯಲ್ಲಿ, ಅಂದರೆ ಫಿಲ್ಟರಿನಲ್ಲಿ, ಸೋಸಿ, ಅದೇ ಆಮ್ಲ ಹಾಕಿ ನೋಡಬೇಕು. ಬಣ್ಣ ಬರಬಾರದು. ಬಂದರೆ ಸಕ್ಕರೆ ಇರುವುದು ಕಡಲಿನಲ್ಲಲ್ಲ, ನಮ್ಮ ಕೈಯಲ್ಲಿ. ಇದಕ್ಕೆ ಬ್ಲ್ಯಾಂಕ್ ಎನ್ನುತ್ತಾರೆ. "ಮೊದ್ಲು ನಿನ್ನ ನೀರು ಸುಳ್ಳು ಹೇಳ್ತದಾ ನೋಡು. ಸಮುದ್ರದ್ದು ಮತ್ತೆ" ಎಂಬುದು ಅವರ ಮಾತು.

ಆಗ ತೈಲದ ಬೆಲೆ ಕುಸಿದಿತ್ತು. ಕಂಪನಿಯಲ್ಲಿ ಮೊದಲು ಚಹಾ ಮಷೀನು ಹೋಯಿತು, ಆಮೇಲೆ ಓವರ್‌ಟೈಮ್, ಆಮೇಲೆ ಮನುಷ್ಯರು. ದಾರ್ಸೈಟ್‌ನ ಕಟ್ಟಡಗಳಲ್ಲಿ ಮನೆ ಬಾಡಿಗೆಗಿದೆ ಎಂಬ ಫಲಕಗಳು ತೂಗುತ್ತಿದ್ದವು. ಅಲ್ಲಿ ವಾರದ ರಜೆ ಶುಕ್ರ, ಶನಿ; ಗುರುವಾರ ಸಂಜೆಯಾದರೆ ಯಾರಿಗಾದರೂ ಬೀಳ್ಕೊಡುಗೆ. ಆ ವರ್ಷ ನಮ್ಮ ಸ್ಥಾವರಕ್ಕೂ ಮಾತು ಬಂತು. ಲ್ಯಾಬಿನಲ್ಲಿ ಒಬ್ಬರೇ ಸಾಕು, ಇಬ್ಬರಲ್ಲಿ ಯಾರೆಂದು ತಿಂಗಳೊಳಗೆ ಹೇಳಿ ಎಂದು ಮುಖ್ಯ ಕಚೇರಿ ಮ್ಯಾನೇಜರಿಗೆ ಬರೆಯಿತು. ಸಕ್ಕರೆಯ ಪರೀಕ್ಷೆಯೂ ದಂಡ, ಅದನ್ನೂ ನಿಲ್ಲಿಸಬಹುದು ಎಂದಿತು.

ಅದೇ ಹೊತ್ತಿಗೆ ಕಡಲು ಬಣ್ಣ ತಿರುಗಿತ್ತು. ಚಳಿಗಾಲದ ಕೊನೆಯಲ್ಲಿ ಅಲ್ಲಿ ಕಣ್ಣಿಗೆ ಕಾಣದ ಪಾಚಿ ಒಮ್ಮೆಲೇ ಹೆಚ್ಚಿ ನೀರು ರಾಡಿಯಾಗುವುದುಂಟು. ಆಗ ನೀರೆಳೆಯುವುದನ್ನು ಅರ್ಧಕ್ಕಿಳಿಸುತ್ತಿದ್ದರು. ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಪಾಚಿ ಕಡಿಮೆಯಾಯಿತು ಎಂದ ಕೂಡಲೇ ಮತ್ತೆ ಪೂರ್ತಿ ತೆರೆಯುತ್ತಿದ್ದರು. ಅಕ್ಕನ ತಕರಾರು ಇದ್ದದ್ದು ಅಲ್ಲೇ. ಅಪಾಯ ಪಾಚಿ ತುಂಬಿದಾಗ ಅಲ್ಲ, ಅದು ಹಸಿದು ಇಳಿಯತೊಡಗಿದಾಗ ಎಂದು ಅವರು ವಾದಿಸುತ್ತಿದ್ದರು.

ಅದನ್ನು ನನಗೆ ವ್ಯಾನಿನಲ್ಲಿ ಹೀಗೆ ಬಿಡಿಸಿ ಹೇಳಿದ್ದರು. "ನೋಡು, ಪಾಚಿಗೆ ಬಿಸಿಲೇ ಒಲೆ. ಅದನ್ನು ಆರಿಸ್ಲಿಕ್ಕೆ ಅದ್ರಿಂದ ಆಗುದಿಲ್ಲ. ಬಿಸಿಲು ಇದ್ದಷ್ಟು ಹೊತ್ತು ಅನ್ನ ಬೇಯ್ತಾನೇ ಇರ್ತದೆ. ಅಂದ್ರೆ ಸಕ್ಕರೆ. ಆದ್ರೆ ಮೈ ಬೆಳೀಬೇಕಾದ್ರೆ ಅನ್ನ ಸಾಕಾ? ಬೇಳೆ ಬೇಕಲ್ಲ. ಸಾರಜನಕ, ರಂಜಕ. ಕಡಲಲ್ಲಿ ಅದು ಮುಗೀತು ಅಂತ ಇಟ್ಕೊ. ಬೇಳೆ ಇಲ್ಲ, ಅನ್ನ ಮಾತ್ರ ಬೇಯ್ತಾ ಉಂಟು. ಎಂತ ಮಾಡ್ತದೆ ಅದು?"

"ಹೊರಗೆ ಚೆಲ್ಲುತ್ತೆ."

"ಹಾಂ. ಆ ಚೆಲ್ಲಿದ್ದೇ ಲೋಳೆ. ಪೊರೆಗೆ ಅಂಟುದು ಅದು. ನಾವು ತಲೆ ಎಣಿಸ್ತೇವೆ, ಚೆಲ್ಲಿದ್ದನ್ನು ನೋಡುದಿಲ್ಲ."

"ಹಸಿದವರು ಕೈ ಬಿಗಿ ಹಿಡೀಬೇಕಲ್ವಾ ಅಕ್ಕ? ನಮ್ಮ ಕಂಪನಿ ಹಾಗೇ ತಾನೇ ಮಾಡ್ತಿರೋದು."

"ಕಂಪನಿ ಪಾಚಿ ಅಲ್ಲ. ಪಾಚಿಗೆ ಮರ್ಯಾದೆ ಉಂಟು" ಎಂದು ಕಿಟಕಿಯ ಕಡೆ ತಿರುಗಿದರು.

ಬಾಯಿಮಾತು ಯಾರು ಕೇಳುತ್ತಾರೆ? ಪುರಾವೆ ಬೇಕು. ನಮ್ಮ ಕಾಲುವೆಯ ಪಾಚಿಯನ್ನೇ ತಂದು ಎರಡು ಗಾಜಿನ ಫ್ಲಾಸ್ಕು ಬುರುಡೆಗಳಲ್ಲಿ ಬೆಳೆಸಿದರು. ಒಂದಕ್ಕೆ ದಿನಾ ನೈಟ್ರೇಟು, ಫಾಸ್ಫೇಟು. ಇನ್ನೊಂದಕ್ಕೆ ಏನೂ ಇಲ್ಲ, ಬರೀ ಬೆಳಕು. ಉಂಡದ್ದು, ಹಸಿದದ್ದು ಎಂದು ಬುರುಡೆಗಳ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿದರು. ಹತ್ತು ದಿನದ ಮೇಲೆ ಎರಡನ್ನೂ ಸೋಸಿ ಸಕ್ಕರೆ ಅಳೆಯಬೇಕು. ಅಷ್ಟರಲ್ಲಿ ಕಡಲಿನಲ್ಲೂ ಪಾಚಿಯ ಎಣಿಕೆ ಇಳಿಯತೊಡಗಿತ್ತು. ಪೂರ್ತಿ ತೆರೆಯಿರಿ ಎಂದು ಮುಖ್ಯ ಕಚೇರಿ ದಿನಕ್ಕೆರಡು ಸಲ ಫೋನು ಮಾಡುತ್ತಿತ್ತು.

ಹತ್ತನೆಯ ದಿನ ಅಕ್ಕನನ್ನೂ ಮ್ಯಾನೇಜರನ್ನೂ ಮಸ್ಕತ್ತಿಗೆ ಮೀಟಿಂಗಿಗೆ ಕರೆದರು. ಲ್ಯಾಬಿನಲ್ಲಿ ನಾನೊಬ್ಬನೇ. 'ಉಂಡದ್ದ'ನ್ನು ಸೋಸಿ ಮುಗಿಸುವಷ್ಟರಲ್ಲಿ ಗಾಜಿನ ನಾರಿನ ಬಿಲ್ಲೆಗಳು ಖಾಲಿಯಾದವು. ಕಪಾಟಿನಲ್ಲಿ ಹೊಸ ಪೆಟ್ಟಿಗೆ ಇತ್ತು. ಖರ್ಚು ಉಳಿಸಲು ಖರೀದಿಯವರು ತಂದ ಅಗ್ಗದ ಬಿಲ್ಲೆಗಳು. ದುಂಡಗೆ, ಬೆಳ್ಳಗೆ, ಅದೇ ಅಳತೆ. ಬಂದಾಗ ಪಡೆದುಕೊಂಡು ಸಹಿ ಹಾಕಿದವನೂ ನಾನೇ. ಅದರಲ್ಲೇ 'ಹಸಿದದ್ದ'ನ್ನು ಸೋಸಿದೆ. ಬ್ಲ್ಯಾಂಕ್? ಬೆಳಿಗ್ಗೆ ಹಳೆಯ ಬಿಲ್ಲೆಯಲ್ಲಿ ನೋಡಿದ್ದಾಗಿತ್ತಲ್ಲ, ಇನ್ನೊಮ್ಮೆ ಯಾಕೆ ಎಂದುಕೊಂಡೆ. ವ್ಯಾನಿಗೆ ಹೊತ್ತಾಗಿತ್ತು. ರಿಜಿಸ್ಟರಿನಲ್ಲಿ ಬಿಲ್ಲೆಯ ಕಾಲಂ ತುಂಬಿಸಲೂ ಇಲ್ಲ.

ಬಣ್ಣ ಬಂತು ನೋಡಿ, ದೀಪಾವಳಿ. 'ಉಂಡದ್ದು' ತೆಳು ಹಳದಿ, 'ಹಸಿದದ್ದು' ಕಡು ಕಿತ್ತಳೆ. ಮರುದಿನ ಅಂಕಿಗಳನ್ನು ನೋಡಿದ ಅಕ್ಕ ಕುರ್ಚಿಯಲ್ಲಿ ಕೂತುಬಿಟ್ಟರು. ನಾನು ಅವರನ್ನು ಅಷ್ಟು ಸಂತೋಷದಲ್ಲಿ ನೋಡಿದ್ದು ಅದೊಂದೇ ಸಲ. ವರದಿ ಹೋಯಿತು. ಮ್ಯಾನೇಜರ್ ಅದನ್ನು ಮುಖ್ಯ ಕಚೇರಿಗೆ ಕಳಿಸಿ, ನೀರೆಳೆಯುವುದು ಅರ್ಧವೇ ಇರಲಿ, ಪರೀಕ್ಷೆಯೂ ಇರಲಿ, ದಕ್ತೂರಾ ಕೂಡ ಇರಲಿ ಎಂದು ಬರೆದ. ಅದರ ಅರ್ಥ, ಹೋಗುವವನು ನಾನು. ನನ್ನ ಕೈಯಿಂದಲೇ ನನ್ನ ಚೀಟಿ ಹರಿದಂತಾಯಿತು. ಆದರೂ ಹೇಳುತ್ತೇನೆ, ಆ ವಾರ ನನಗೆ ಅವರ ಮೇಲೆ ಹೊಟ್ಟೆಕಿಚ್ಚು ಬರಲಿಲ್ಲ. ಭಯ ಮಾತ್ರ ಬಂತು.

ಗುರುವಾರ ಅಕ್ಕ ಹೊಸ ಪೆಟ್ಟಿಗೆಯ ಬಿಲ್ಲೆ ತೆಗೆದು ಎಂದಿನಂತೆ ಬ್ಲ್ಯಾಂಕ್ ನೋಡಿದರು. ಬರೀ ನೀರು ಹಳದಿಯಾಯಿತು. ಕೈ ತೊಳೆದು ಮತ್ತೆ ಮಾಡಿದರು. ಮತ್ತೆ ಹಳದಿ. ಬಿಲ್ಲೆಯನ್ನು ಬೆಳಕಿಗೆ ಹಿಡಿದು, ಅಂಚನ್ನು ಉಗುರಿನಲ್ಲಿ ಕೆರೆದು, "ಇದು ಗಾಜಲ್ಲ, ಕಾಗದ" ಎಂದರು. "ಕಾಗದ ಅಂದ್ರೆ ಹತ್ತಿ. ಹತ್ತಿ ಅಂದ್ರೆ ಎಂತ? ಸಕ್ಕರೆಯ ಸರಪಣಿ. ಇದ್ರ ಜುಂಗು ನೀರಿಗೆ ಬಿದ್ರೆ ಆಮ್ಲ ಅದನ್ನು ಬಿಡಿಸ್ತದೆ." ಆಮೇಲೆ ರಿಜಿಸ್ಟರ್ ತೆರೆದರು. ಬಿಲ್ಲೆಯ ಕಾಲಂ ಖಾಲಿ.

"ಹಸಿದದ್ದನ್ನು ಯಾವುದ್ರಲ್ಲಿ ಸೋಸಿದ್ದು?"

"ಇದ್ರಲ್ಲೇ ಅಕ್ಕ."

"ಉಂಡದ್ದನ್ನು?"

"ಹಳೇದ್ರಲ್ಲಿ. ಅದು ಮುಗಿದ್ಹೋಯ್ತು."

ಪ್ರಸಾದವನ್ನು ಗೇಟಿನಲ್ಲಿ ನಿಲ್ಲಿಸಿದವರು ನಾವು, ಈದ್‌ನ ಹಲ್ವಾವನ್ನು ಬಿಸಿಲಿಗೆ ಕಳಿಸಿದವರು. ಸಕ್ಕರೆ ಪೆಟ್ಟಿಗೆಯೊಳಗೆ ಕೂತು ನನ್ನ ಸಹಿಯ ಮೇಲೆ ಒಳಗೆ ಬಂದಿತ್ತು. ಅಕ್ಕ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ತಮಗೆ ತಾವೇ ತುಳುವಿನಲ್ಲಿ ಏನೋ ಹೇಳಿಕೊಂಡು, ರಿಜಿಸ್ಟರ್ ಎತ್ತಿಕೊಂಡು ಮ್ಯಾನೇಜರನ ಕೋಣೆಗೆ ಹೊರಟರು. ನಾನೂ ಹಿಂದೆ ಹೋದೆ. ಹೋಗುವಾಗ ಹೇಳಿಯೇ ಬಿಟ್ಟೆ, "ಅಕ್ಕ, ಯಾರಿಗೂ ಗೊತ್ತಿಲ್ಲ. ನೀವು ಹೇಳ್ತಿರೋದು ಹೇಗಿದ್ರೂ ನಿಜ ತಾನೇ. ಹಾಗೇ ಬಿಟ್ಬಿಡೋಣ."

"ನಿಜ ಅಂತ ನಂಗೆ ಗೊತ್ತುಂಟು. ಆದ್ರೆ ಈ ಅಂಕಿಗೆ ಗೊತ್ತಿಲ್ಲ" ಎಂದರು.

ಮ್ಯಾನೇಜರನ ಮುಂದೆ ವರದಿಯನ್ನು ಇಟ್ಟು, ಇದು ತಪ್ಪು, ವಾಪಸು ಪಡೆಯುತ್ತೇನೆ ಎಂದರು. ಆತ ವರದಿಯ ಹಾಳೆಗಳನ್ನು ತಿರುವಿದ.

"ದಕ್ತೂರಾ, ನಿಮಗೆ ಬೇಕಾದದ್ದನ್ನೇ ಇದು ಹೇಳುತ್ತಿದೆಯಲ್ಲ."

"ಅದಕ್ಕೇ ಎರಡು ಸಲ ನೋಡಬೇಕಿತ್ತು. ಮತ್ತೆ, ನೋ ದಕ್ತೂರಾ."

"ಸೋಸಿದ್ದು ಯಾರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ನಿಜವಾಗಿಯೂ ಕುತ್ತಿಗೆಗೆ ಹೋಗಿತ್ತು. ಅಕ್ಕ ನನ್ನ ಕಡೆ ನೋಡಲಿಲ್ಲ. "ಲ್ಯಾಬು ನನ್ನದು. ಸಹಿ ನನ್ನದು" ಎಂದರು. ಆಗ ನಾನು ಬಾಯಿ ಬಿಡಬೇಕಿತ್ತು. ನಾನು, ನನ್ನ ಕೈ, ನನ್ನ ಅವಸರ ಎಂದು ಮೂರು ಮಾತು ಸಾಕಿತ್ತು. ಬಿಡಲಿಲ್ಲ. ಲ್ಯಾಬಿನಲ್ಲಿ ಒಬ್ಬರೇ ಉಳಿಯುವುದು, ಆ ಒಬ್ಬರು ಈಗ ಮತ್ತೆ ನಾನಾಗಬಹುದು ಎಂಬುದು ನನಗೆ ಅದೇ ಕ್ಷಣದಲ್ಲಿ ಹೊಳೆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ನಾವೆಲ್ಲ ಎಮ್ಮೆಯ ಪರವಾಗಿ ಹೇಳುತ್ತೇವೆ. ಜ್ವರ ಬಂದ ಎತ್ತು ಪಕ್ಕದಲ್ಲೇ ನಿಂತು ನೋಡುತ್ತಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ.

"ಮುಖ್ಯ ಕಚೇರಿಯವರು ಈಗ ಏನು ಮಾಡುತ್ತಾರೆ, ಗೊತ್ತಲ್ಲ?" ಎಂದ ಮ್ಯಾನೇಜರ್.

"ಗೊತ್ತು. ಭಾನುವಾರದವರೆಗೆ ಅರ್ಧದಲ್ಲೇ ಇಡಿ. ಬುರುಡೆಗಳು ಇನ್ನೂ ಜೀವಂತ ಇವೆ. ಸರಿಯಾದ ಬಿಲ್ಲೆಯಲ್ಲಿ ಮತ್ತೆ ಮಾಡಿ ತರ್ತೇನೆ. ಅದು ನನ್ನ ವಿರುದ್ಧ ಬಂದರೂ ತರ್ತೇನೆ."

ಆತ ಮೂರು ಬೆರಳು ಎತ್ತಿ ತೋರಿಸಿದ. ಮೂರು ದಿನ. "ಆಮೇಲೆ ಖಲಾಸ್."

ಗಾಜಿನ ಬಿಲ್ಲೆ ತರಿಸಲು ಮೂರು ವಾರ ಬೇಕು. ಸುವೈಕ್‌ನ ಹೊರಗೆ ಒಬ್ಬ ಒಮಾನಿ ಮೀನುಮರಿ ಸಾಕುತ್ತಿದ್ದಾನೆ, ಮರಿಗಳ ಮೇವಿಗೆ ಪಾಚಿ ಬೆಳೆಸುತ್ತಾನೆ, ಅವನ ಹತ್ತಿರ ಇದ್ದರೆ ಇರಬಹುದು ಎಂದು ಅಕ್ಕನಿಗೆ ನೆನಪಾಯಿತು. ಶುಕ್ರವಾರ ನನ್ನ ಕಾರಿನಲ್ಲಿ ಹೋದೆವು. ದಾರಿಯುದ್ದಕ್ಕೂ ನಾನು ಕ್ಷಮೆ ಕೇಳಲು ಮಾತು ಹೊಂದಿಸುತ್ತಿದ್ದೆ. ಅವರು ಮಡಿಲಲ್ಲಿ ಹಾಳೆ ಇಟ್ಟುಕೊಂಡು ಭಾನುವಾರದವರೆಗಿನ ಕೆಲಸ ಪಟ್ಟಿ ಮಾಡುತ್ತಿದ್ದರು.

"ಅಕ್ಕ, ನಾನು ಮ್ಯಾನೇಜರ್ ಹತ್ರ..."

"ಪ್ರತಿ ಬುರುಡೆಯಿಂದ ಮೂರು ಮೂರು ಸಲ ಸೋಸುದು. ಬ್ಲ್ಯಾಂಕ್ ಕೂಡ ಮೂರು. ರಸ್ತೆ ನೋಡು."

ಮೀನುಮರಿಯವನ ಶೆಡ್ಡು ಅರ್ಧ ಮುಚ್ಚಿತ್ತು. ಕೆಲಸದವರನ್ನು ಕಳಿಸಿ ತಾನೊಬ್ಬನೇ ಲುಂಗಿ ಮೇಲೆ ಕಟ್ಟಿಕೊಂಡು ತೊಟ್ಟಿ ಉಜ್ಜುತ್ತಿದ್ದ. ಬಿಲ್ಲೆ ಬೇಕಿತ್ತು ಎಂದೆವು. ಹುಡುಕುತ್ತೇನೆ ಎಂದು ಒಳಗೆ ಹೋದ. ಅಕ್ಕ ಸುಮ್ಮನೆ ನಿಲ್ಲುವವರೇ? ಪಾಚಿ ತೊಟ್ಟಿಗೆ ಬೆರಳು ಅದ್ದಿ ಉಜ್ಜಿದರು. ಬೆರಳುಗಳ ನಡುವೆ ಸಣ್ಣ ಎಳೆ ಎದ್ದದ್ದು ನನಗೂ ಕಂಡಿತು. ಆತ ಬಂದ ಕೂಡಲೇ ಹಿಂದಿಯಲ್ಲಿ ಕೇಳಿದರು, "ನೀವು ಪಾಚಿಗೆ ಗೊಬ್ಬರ ಹಾಕುವುದು ಕಡಿಮೆ ಮಾಡಿದ್ದೀರಾ?"

ಆತ ಬೆಪ್ಪಾದ. ಹೌದು, ಎರಡು ತಿಂಗಳಿಂದ ಅರ್ಧಕ್ಕರ್ಧ. ಖರ್ಚು ಉಳಿಸಬೇಕಲ್ಲ. ಯಾರು ಹೇಳಿದರು ನಿಮಗೆ?

"ಇದು ಹೇಳಿತು" ಎಂದು ಬೆರಳು ತೋರಿಸಿದರು. "ತೊಟ್ಟಿಯ ಗೋಡೆ ಜಾರುತ್ತದೆ. ಬಲೆ ಕಟ್ಟಿಕೊಳ್ಳುತ್ತದೆ. ಮರಿಗಳು ಸಾಯುತ್ತಿವೆ. ಅಲ್ಲವಾ?"

ಆತ ತೊಟ್ಟಿಯ ಅಂಚಿನಲ್ಲಿ ಕುಳಿತ. ಮರಿಗಳು ಸಾಯುತ್ತಿದ್ದದ್ದು ನಿಜ. ಯಾವುದೋ ರೋಗ ಎಂದು ಔಷಧಿ ಹಾಕಿದ್ದನಂತೆ. ಅಕ್ಕ ಅವನ ಪಕ್ಕದಲ್ಲಿ ನಿಂತು, ಒಲೆ, ಅನ್ನ, ಬೇಳೆಯ ಅದೇ ಪಾಠವನ್ನು ಹಿಂದಿಯಲ್ಲಿ ಮಾಡಿದರು. ಉಳಿತಾಯ ಬೇಕಿದ್ದರೆ ಎರಡು ತೊಟ್ಟಿ ಮುಚ್ಚಿ, ಉಳಿದದ್ದಕ್ಕೆ ಹೊಟ್ಟೆ ತುಂಬ ಕೊಡಿ ಎಂದರು. ಆತ ಗಾಜಿನ ಬಿಲ್ಲೆಗಳ ಅರ್ಧ ಪೆಟ್ಟಿಗೆ ಕೊಟ್ಟ. ಜೊತೆಗೆ ಕಹ್ವಾ ಕಾಫಿ, ಖರ್ಜೂರ. ಅಕ್ಕ ಖರ್ಜೂರ ತಿಂದು, ಕೈ ತೊಳೆದು, ಒರೆಸಿ, ನನ್ನ ಕೈಯನ್ನೂ ತೊಳೆಸಿ, ಆಮೇಲೆಯೇ ಪೆಟ್ಟಿಗೆ ಮುಟ್ಟಿದರು.

ಶುಕ್ರವಾರ ಸಂಜೆಯಿಂದ ಶನಿವಾರವಿಡೀ ಲ್ಯಾಬಿನಲ್ಲಿದ್ದೆವು. ಉಪ್ಪುನೀರಿಗೆ ಆಮ್ಲ ಬಿದ್ದಾಗ ಏಳುವ ಹೊಗೆ ಮೂಗು ಸುಡುತ್ತದೆ. ಅವರ ಕೋಟಿನ ತೋಳಿನಲ್ಲಿ ಆಗಲೇ ನೂರು ತೂತು. ಸೋಸುವುದೆಲ್ಲ ನನ್ನ ಕೈಯಿಂದಲೇ ಮಾಡಿಸಿದರು. ನಾನು ಹಿಂಜರಿದಾಗ, "ತಪ್ಪು ಮಾಡಿದ ಕೈಗೇ ಜಾಗ್ರತೆ ಜಾಸ್ತಿ. ಮಾಡು" ಎಂದರು. ಮೊದಲು ಬ್ಲ್ಯಾಂಕ್. ಮೂರೂ ನೀರಿನಂತೆ ತಿಳಿ. ಆಮೇಲೆ 'ಉಂಡದ್ದು'. ತೆಳು ಹಳದಿ. ಆಮೇಲೆ 'ಹಸಿದದ್ದು'. ಕಡು ಕಿತ್ತಳೆ ಬರಲಿಲ್ಲ. ಆದರೆ ಪಕ್ಕದ್ದಕ್ಕಿಂತ ಎದ್ದು ಕಾಣುವಷ್ಟು ಗಾಢ ಹಳದಿ ಬಂತು, ಮೂರಕ್ಕೆ ಮೂರೂ. ಮೊದಲಿನಷ್ಟು ದೊಡ್ಡ ಗೆಲುವಲ್ಲ. ಗೆಲುವೇ.

"ಇಷ್ಟೇನಾ" ಎಂದೆ.

"ಇಷ್ಟೇ ಇದ್ದದ್ದು. ಇಷ್ಟನ್ನೇ ಬರಿ" ಎಂದರು.

ಭಾನುವಾರ ಬೆಳಿಗ್ಗೆ ಅವರು ಎರಡು ವರದಿಗಳನ್ನೂ ಒಟ್ಟಿಗೆ ಪಿನ್ ಮಾಡಿ ಮ್ಯಾನೇಜರನ ಮುಂದಿಟ್ಟರು. ಆತ ಓದಿದ. ಅಷ್ಟರಲ್ಲಿ ಮುಖ್ಯ ಕಚೇರಿ ತನ್ನ ಪಟ್ಟಿ ಮುಗಿಸಿತ್ತು. ವರದಿ ವಾಪಸು ಪಡೆದ ಮುಖ್ಯಸ್ಥೆ ಬೇಡ, ಸಂಬಳವೂ ಕಡಿಮೆಯಿರುವ ನಾನು ಸಾಕು. ಆತ ಅದನ್ನು ಹೇಳಲು ಮಾತು ಹುಡುಕುತ್ತಿದ್ದ. "ದಕ್ತೂರಾ, ಪಟ್ಟಿ ನನ್ನ ಕೈಯಲ್ಲಿಲ್ಲ..."

"ಪಟ್ಟಿಗೆ ಬಂದದ್ದಲ್ಲ ನಾನು. ನೀರೆಳೆಯುವುದು ನಿಮ್ಮ ಕೈಯಲ್ಲುಂಟಲ್ಲ. ಇನ್ನೊಂದು ವಾರ ಅರ್ಧ. ಸಹಿ ಹಾಕಿ."

ಆತ ಸಹಿ ಹಾಕಿದ. ಅಕ್ಕ ಎದುರಿಗೆ ನಿಂತೇ ಇದ್ದರು, ಮಸಿ ಒಣಗುವವರೆಗೆ. ಆ ವಾರ ಕಾಲುವೆಯ ಜಾಲರಿಗಳ ಮೇಲೆ ಗಂಜಿಯಂಥ ಲೋಳೆ ಕಟ್ಟಿತು. ಎಣಿಕೆಯಲ್ಲಿ ಪಾಚಿ ಇರಲೇ ಇಲ್ಲ. ಪಕ್ಕದ ಇನ್ನೊಂದು ಸ್ಥಾವರ ಪೂರ್ತಿ ತೆರೆದು, ಪೊರೆ ಕಟ್ಟಿಕೊಂಡು, ನಾಲ್ಕು ದಿನ ನಿಂತಿತು. ನಮ್ಮ ಊರುಗಳ ನಲ್ಲಿಗಳು ಸಣ್ಣದಾಗಿಯಾದರೂ ಹರಿದವು.

ಬೀಳ್ಕೊಡುಗೆ ಬೇಡವೆಂದರು. ಕೊನೆಯ ದಿನ ಬುರುಡೆಗಳನ್ನು ತೊಳೆದು ಕವುಚಿಟ್ಟರು. ರಿಜಿಸ್ಟರನ್ನು ನನ್ನ ಕೈಗೆ ಕೊಟ್ಟು, "ಬ್ಲ್ಯಾಂಕ್ ಬಿಡ್ಬೇಡ" ಎಂದರು. ಅಷ್ಟೇ. ಅವರು ಹೋದ ಮೇಲೆ ಹಾಳೆ ತಿರುವಿ ನೋಡಿದೆ. ನನ್ನ ಆ ದಿನದ ಕಿತ್ತಳೆ ಅಂಕಿಗಳ ಮೇಲೆ ಒಂದೇ ಗೆರೆ. ಪಕ್ಕದಲ್ಲಿ ಅವರ ದುಂಡು ಅಕ್ಷರದಲ್ಲಿ, 'ಕಾಗದದ ಬಿಲ್ಲೆ ಬಳಸಿದ್ದರಿಂದ ತಪ್ಪು, ಬ್ಲ್ಯಾಂಕ್ ನೋಡಿರಲಿಲ್ಲ' ಎಂದಿತ್ತು. ಕೆಳಗೆ 'ಸೋಸಿದವರು' ಎಂದು ಬರೆದು ಎರಡು ಚುಕ್ಕೆ. ಮುಂದೆ ಏನೂ ಇರಲಿಲ್ಲ.

ಅಷ್ಟು ಶಿಸ್ತಿನವರು ಅದನ್ನು ಮರೆತರೆಂದು ನಾನು ನಂಬಲಿಲ್ಲ. ನಂಬಿದಂತೆ ಮಾಡಿದೆ. ರಿಜಿಸ್ಟರ್ ಕಪಾಟಿನ ಮೇಲಿನ ಹಲಗೆಗೆ ಹೋಯಿತು. ತೈಲದ ಬೆಲೆ ಮತ್ತೆ ಏರಿತು, ಲ್ಯಾಬಿಗೆ ಇನ್ನಿಬ್ಬರು ಬಂದರು, ನಾನು ಮುಖ್ಯಸ್ಥನಾದೆ. ಅವರು ಊರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾರೆಂದು ಕೇಳಿದೆ. ಯುಗಾದಿಗೆ ಶುಭಾಶಯ ಕಳಿಸುತ್ತಿದ್ದೆ. ಪ್ರತಿ ಸಲ ಅವರ ಉತ್ತರ ಒಂದೇ ಪ್ರಶ್ನೆ: "ಪಾಕ ಹೇಗುಂಟು?" ನಾನು ಸಮುದ್ರದ ಸಮಾಚಾರ ಬರೆಯುತ್ತಿದ್ದೆ. ಆ ಖಾಲಿ ಸಾಲಿನ ಮಾತೊಂದನ್ನು ಬಿಟ್ಟು.

ಸುದ್ದಿ ಬಂದ ಮರುದಿನ ಬೆಳಿಗ್ಗೆ ಕಟ್ಟೆಗೆ ಹೋಗಿ ಎರಡು ಬೆರಳು ಅದ್ದಿದೆ. ನೀರು ನೀರಾಗಿಯೇ ಇತ್ತು. ಲ್ಯಾಬಿಗೆ ಬಂದು ಆ ರಿಜಿಸ್ಟರ್ ಇಳಿಸಿ, ಧೂಳು ಒರೆಸಿ, ಎರಡು ಚುಕ್ಕೆಯ ಮುಂದೆ ನನ್ನ ಹೆಸರು ಬರೆದೆ. ಸಹಿ ಹಾಕಿದೆ. ತಾರೀಖು ಅಂದಿನದೇ. ಅಷ್ಟು ವರ್ಷಗಳ ಅಂತರ ಆ ಸಾಲಿನಲ್ಲಿ ಯಾರಿಗೂ ಕಾಣುವಂತೆ ಬಿದ್ದಿತು. ಅಳು ಬಂತು, ಅತ್ತೆ. ಆಮೇಲೆ ಮುಖ ತೊಳೆದು ರಿಜಿಸ್ಟರನ್ನು ಮ್ಯಾನೇಜರನ ಕೋಣೆಗೆ ತೆಗೆದುಕೊಂಡು ಹೋದೆ. ಅದೇ ಮನುಷ್ಯ, ಗಡ್ಡ ಈಗ ಪೂರ್ತಿ ಬಿಳಿ.

ಆತ ಕನ್ನಡಕ ಹಾಕಿಕೊಂಡು ನನ್ನ ಸಾಲಿನ ಮೇಲೆ ಬೆರಳಾಡಿಸಿದ. ಆಶ್ಚರ್ಯಪಡಲಿಲ್ಲ.

"ಗೊತ್ತಿತ್ತು" ಎಂದ. "ಆ ದಿನ ದಕ್ತೂರಾ ಮಸ್ಕತ್ತಿನಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದರಲ್ಲ. ಇಲ್ಲಿ ಸೋಸುವುದು ಹೇಗೆ?"

ನನಗೆ ಇದು ಇಷ್ಟು ವರ್ಷ ಹೊಳೆದೇ ಇರಲಿಲ್ಲ.

"ಮತ್ತೆ ನೀವು ಯಾಕೆ ಹೇಳಲಿಲ್ಲ?"

"ನಾನು ಮುಖ್ಯ ಕಚೇರಿಗೆ ಬರೆಯುತ್ತೇನೆ ಎಂದಿದ್ದೆ. ಅವರು ಬೇಡ ಎಂದರು. ಆ ಸಾಲು ಅವನದು, ಅವನೇ ಬರೆಯುತ್ತಾನೆ ಎಂದರು." ಆತ ರಿಜಿಸ್ಟರ್ ಮುಚ್ಚಿ ನನ್ನ ಕಡೆ ತಳ್ಳಿದ. "ಯಾವಾಗ ಎಂದು ಹೇಳಿರಲಿಲ್ಲ. ಯಲ್ಲಾ, ಹೋಗಿ ಕೆಲಸ ನೋಡಿ, ದಕ್ತೂರ್."

ನಾನು ಬಾಗಿಲವರೆಗೆ ಹೋದವನು ನಿಂತೆ.

"ನೋ ದಕ್ತೂರ್" ಎಂದೆ. "ಓನ್ಲಿ ಎಮ್ಮೆಸ್ಸಿ."